ಮುಖ್ತಾರನ ಮೊಹರು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಅರಬ್ ಹಳ್ಳಿಗಳ ಮುಖ್ತಾರ್ ಎಂದರೆ ನಮ್ಮ ಹಳೆಯ ಪಟೇಲರಂತೆಯೇ? ಅಧಿಕಾರ ಅಪ್ಪನಿಂದ ಮಗನಿಗೆ ಬರುತ್ತಿತ್ತೇ? ನ್ಯಾಯ ಹೇಳುವವನೂ ಅವನೇ?’

ಕಂದಾಯ ಎತ್ತುವುದು, ಊರಿಗೆ ಬಂದ ಅಧಿಕಾರಿಗೆ ಊಟ ವಸತಿ ನೋಡುವುದು, ಇಷ್ಟರಲ್ಲಿ ನಿಮ್ಮ ಹೋಲಿಕೆ ಸರಿ. ಆದರೆ ಕಾನೂನಿನ ಪ್ರಕಾರ ಮುಖ್ತಾರಿಕೆ ವಂಶದ ಹಕ್ಕಾಗಿರಲಿಲ್ಲ. ಪ್ಯಾಲೆಸ್ತೀನ್, ಸಿರಿಯಾ, ಲೆಬನಾನ್ ಕಡೆ ಮೊದಲು ಕಂದಾಯ ಎತ್ತುತ್ತಿದ್ದವನು ಊರ ಶೇಖ್. ಅವನಿಗೆ ಕುಲದ ಬಲವಿತ್ತು. ಆ ಬಲವನ್ನು ತಗ್ಗಿಸಲು ಆಟೋಮನ್ ಸರ್ಕಾರ 1864ರ ಪ್ರಾಂತ್ಯ ಕಾಯ್ದೆಯಲ್ಲಿ ಚುನಾವಣೆ ತಂದಿತು. ಊರಿನ ಪ್ರತಿ ಧರ್ಮದ ಸಮುದಾಯಕ್ಕೂ ಇಬ್ಬರು ಮುಖ್ತಾರರು. ಇಪ್ಪತ್ತಕ್ಕಿಂತ ಕಡಿಮೆ ಮನೆಗಳಿದ್ದರೆ ಒಬ್ಬನೇ. ಅವಧಿ ಒಂದು ವರ್ಷ. ವರ್ಷಕ್ಕೆ 50 ಕುರುಷ್ (ಆಟೋಮನ್ ನಾಣ್ಯ) ನೇರ ತೆರಿಗೆ ಕಟ್ಟುವ, 18 ದಾಟಿದ ಗಂಡಸರಿಗೆ ಮತ. ಸ್ಪರ್ಧಿಸಲು 30 ವರ್ಷ ವಯಸ್ಸು, 100 ಕುರುಷ್ ತೆರಿಗೆ. ಹೀಗಾಗಿ ಬಡ ರೈತ ಹೊರಗೇ ಉಳಿದ. ದೊಡ್ಡ ಕುಲಗಳು ತಮ್ಮವನನ್ನೇ ನಿಲ್ಲಿಸಿ ಗೆಲ್ಲಿಸಿಕೊಂಡವು, ಎಷ್ಟೋ ಊರುಗಳಲ್ಲಿ ಮುಖ್ತಾರಿಕೆ ಒಂದೇ ಮನೆಯಲ್ಲಿ ನಿಂತಿತು. ನಿಮಗೆ ವಂಶಪಾರಂಪರ್ಯದಂತೆ ಕಂಡದ್ದು ಇದೇ.

ಅವನ ನಿಜವಾದ ಶಕ್ತಿ ಇದ್ದದ್ದು ಮೊಹರಿನಲ್ಲಿ. ಜಮೀನು ಮಾರುವವನು ಸರ್ಕಾರಿ ದಫ್ತರಕ್ಕೆ ಹೋಗುವ ಮೊದಲು, ಆ ನೆಲ ಅವನ ಸ್ವಾಧೀನದಲ್ಲೇ ಇದೆ ಎಂಬ ಪತ್ರಕ್ಕೆ ಊರ ಇಮಾಮ್ ಮತ್ತು ಮುಖ್ತಾರರ ಮೊಹರು ಬೀಳಬೇಕಿತ್ತು. ಅನಾಹುತ ಆದದ್ದೂ ಇಂಥ ಕಾಗದಪತ್ರದ ಸುತ್ತಲೇ. ಹೆಸರು ಬರೆಸಿದರೆ ತೆರಿಗೆ ಬೀಳುತ್ತದೆ, ಮಗನನ್ನು ಸೈನ್ಯಕ್ಕೆ ಎಳೆಯುತ್ತಾರೆ ಎಂದು ಹೆದರಿದ ರೈತರು ಉತ್ತಿ ಬಿತ್ತಿದ ನೆಲವನ್ನು ಊರ ಪ್ರಮುಖರ ಹೆಸರಿಗೆ ಬರೆಸಿದರು. ಮುಂದೆ ಅದೇ ನೆಲ ಮಾರಾಟವಾದಾಗ ಅವರ ಬಳಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ನ್ಯಾಯದ ಮಾತು. ಸಣ್ಣ ಜಗಳಗಳನ್ನು ಹಿರಿಯರ ಸಭೆಯೊಡನೆ ಕೂತು ಬಗೆಹರಿಸುತ್ತಿದ್ದ, ಆದರೆ ಅವನು ನ್ಯಾಯಾಧೀಶನಲ್ಲ. ಕೊಲೆಯಾದರೆ ಕೊಂದವನ ಕಡೆಯ ಪರವಾಗಿ ಗಣ್ಯರ ತಂಡ, ಅಂದರೆ ‘ಜಾಹಾ’, ಸತ್ತವನ ಮನೆಗೆ ಹೋಗುತ್ತದೆ; ಮುಖ್ತಾರ್ ಅದರಲ್ಲಿ ಒಬ್ಬ. ಮೊದಲು ಕೇಳುವುದು ‘ಅತ್ವಾ’, ಸೇಡಿಗೆ ತಾತ್ಕಾಲಿಕ ತಡೆ: ಜೋರ್ಡಾನ್ ಪದ್ಧತಿಯಲ್ಲಿ ಮೂರು ದಿನ ಮತ್ತು ದಿನದ ಮೂರನೇ ಒಂದು ಭಾಗ. ಆಮೇಲೆ ಅದನ್ನು ವಿಸ್ತರಿಸಿ, ರಕ್ತಪರಿಹಾರದ ಮೊತ್ತ ಗೊತ್ತುಮಾಡಿ, ಎಲ್ಲರೆದುರು ರಾಜಿ. ಮನೆಯವರು ಕೊಟ್ಟ ಕಾಫಿಯನ್ನು ತಂಡದ ಹಿರಿಯ ಮುಟ್ಟದೆ ಕೆಳಗಿಡುತ್ತಾನೆ. ಕೋರಿಕೆ ಒಪ್ಪಿದೆವು ಎಂದ ಮೇಲೆಯೇ ಕುಡಿಯುವುದು. ತಡೆಯ ಅವಧಿ ಮುಗಿಯುವುದರೊಳಗೆ ವಿಸ್ತರಿಸದಿದ್ದರೆ ಸೇಡಿನ ಭಯ ಮತ್ತೆ ತಲೆಯೆತ್ತುತ್ತದೆ.

ಬ್ರಿಟಿಷರು ಪ್ಯಾಲೆಸ್ತೀನಿನಲ್ಲಿ ಮುಖ್ತಾರರನ್ನು ತಾವೇ ನೇಮಿಸಿ, ಊರಿನ ಸುದ್ದಿಯನ್ನೂ ಅವರಿಂದ ಬಯಸಿದರು. 1936–39ರಲ್ಲಿ ಅರಬರು ಬ್ರಿಟಿಷರ ವಿರುದ್ಧ ಎದ್ದ ದಂಗೆಯಲ್ಲಿ ಸರ್ಕಾರದ ಕಡೆಯವರೆಂಬ ಶಂಕೆಗೆ ಹಲವು ಮುಖ್ತಾರರು ಜೀವ ತೆತ್ತರು. ಊರಿನ ಪರವಾಗಿ ಮಾತಾಡಬೇಕಾದವನನ್ನು ಬೇಹುಗಾರನಾಗಿಸಿದ್ದು ದೊಡ್ಡ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

ನಮ್ಮಲ್ಲಿ ಪಟೇಲಿಕೆಯನ್ನು 1961ರ ಕಾಯ್ದೆ ರದ್ದುಮಾಡಿತು. ಲೆಬನಾನಿನಲ್ಲಿ ಮುಖ್ತಾರ್ ಇಂದಿಗೂ ಚುನಾಯಿತ. ಮಗು ಹುಟ್ಟಿದರೆ ವೈದ್ಯರ ಅಥವಾ ಸೂಲಗಿತ್ತಿಯ ಪತ್ರ ನೋಡಿ ಜನನಪತ್ರ ತುಂಬುವವನು ಅವನೇ. ಅದು ಬಳಿಕ ಜನನ ನೋಂದಣಿ ಕಚೇರಿಗೆ ಹೋಗುತ್ತದೆ. ಒಂದು ವರ್ಷದೊಳಗೆ ನೋಂದಾಯಿಸದಿದ್ದರೆ ಹೆತ್ತವರು ಕೋರ್ಟಿನ ಮೆಟ್ಟಿಲು ಹತ್ತಬೇಕು.