ದುಬೈ ಸೈಟಿಗೆ ಹೊರಟಿರುವ ದಾವಣಗೆರೆಯ ಎಂಜಿನಿಯರ್‌ಗೆ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಮೂರು ವರ್ಷ ಸೈಟ್ ಎಂಜಿನಿಯರ್ ಆಗಿದ್ದೀರಿ, ಈಗ ದುಬೈನ ಕನ್‌ಸ್ಟ್ರಕ್ಷನ್ ಕಂಪನಿಯಿಂದ ಆಫರ್ ಬಂದಿದೆ. ಬಿಸಿಲು, ರೂಮು, ಊಟದ ಬಗ್ಗೆ ಎಲ್ಲರೂ ಹೇಳುತ್ತಾರೆ. ಆದರೆ ಪ್ರಾಜೆಕ್ಟ್ ಟೀಮಿನಲ್ಲಿ ಯಾರು ಏನು ಮಾಡುತ್ತಾರೆ, ನಾನು ಯಾರ ಮಾತು ಕೇಳಬೇಕು ಅಂತ ಯಾರೂ ಹೇಳುತ್ತಿಲ್ಲ ಎಂದು ಬರೆದಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು. ನಮ್ಮ ಕಡೆಯಿಂದ ಬಂದ ಹುಡುಗರು ಮೊದಮೊದಲು ಒದ್ದಾಡುವುದು ಬಿಸಿಲಿಗಿಂತ ಜಾಸ್ತಿ ಇದಕ್ಕೇ.

ನಮ್ಮೂರಿನ ಸೈಟಿನಲ್ಲಿ ಎಂಜಿನಿಯರ್ ಅಂದರೆ ಎಲ್ಲವೂ ಅವನೇ. ಬೆಳಿಗ್ಗೆ ಮೇಸ್ತ್ರಿಗೆ ಫೋನ್ ಮಾಡಬೇಕು. ಸಿಮೆಂಟ್ ಲೋಡ್ ಬರದಿದ್ದರೆ ಅಂಗಡಿಗೆ ಓಡಬೇಕು. ಮಾರ್ಕಿಂಗ್ ಕೊಡಬೇಕು, ಕಬ್ಬಿಣ ಕಟ್ಟಿದ್ದು ನೋಡಬೇಕು, ಶನಿವಾರ ಬಟವಾಡೆ ಮಾಡಬೇಕು, ರಾತ್ರಿ ಕೂತು ಬಿಲ್ಲಿಗೆ ಅಳತೆ ಬರೆಯಬೇಕು. ಓನರ್ ಬಂದು 'ಈ ಕಿಟಕಿ ಇಲ್ಲಿ ಬೇಡ' ಅಂದರೆ ಸಂಜೆಯೊಳಗೆ ಗೋಡೆ ಒಡೆದಿರುತ್ತದೆ. ಹೀಗೆ ಕಲಿತದ್ದು ಕಡಿಮೆ ಅಂತ ತಿಳಿಯಬೇಡಿ. ಒಂದು ಕಟ್ಟಡ ಪಾಯದಿಂದ ಮೇಲಿನವರೆಗೆ ಹೇಗೆ ಏಳುತ್ತದೆ ಅಂತ ಕಂಡವರು ಇಲ್ಲಿ ದುಬೈನಲ್ಲಿ ಬೇಗ ಮುಂದೆ ಬರುತ್ತಾರೆ. ಆದರೆ ಇಲ್ಲಿ ಅದೇ ಕೆಲಸವನ್ನು ಹತ್ತು ಜನ ಹಂಚಿಕೊಂಡಿರುತ್ತಾರೆ. ಒಬ್ಬೊಬ್ಬರ ಕೆಲಸಕ್ಕೂ ಒಂದು ಗೆರೆ ಇರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಆ ಗೆರೆ ದಾಟಿದರೂ ಕಂಪನಿಗೆ ನಷ್ಟವಾಗಬಹುದು.

ಮೊದಲು ಮೂರು ಕಡೆಯವರು ಯಾರು ಅಂತ ತಿಳಿದುಕೊಳ್ಳಿ. ದುಡ್ಡು ಹಾಕುವವರು ಕ್ಲೈಂಟ್. ಅವರ ಪರವಾಗಿ ಡಿಸೈನ್, ಮೇಲ್ವಿಚಾರಣೆ ನೋಡುವವರು ಕನ್ಸಲ್ಟೆಂಟ್. ಕಟ್ಟುವವರು ಕಂಟ್ರಾಕ್ಟರ್, ಅಂದರೆ ನೀವು. ಕನ್ಸಲ್ಟೆಂಟ್ ಕಡೆಯಿಂದ ರೆಸಿಡೆಂಟ್ ಎಂಜಿನಿಯರ್ ಮತ್ತು ಇನ್‌ಸ್ಪೆಕ್ಟರ್‌ಗಳು ಸೈಟಿನಲ್ಲೇ ಇರುತ್ತಾರೆ. ಅವರಿಗೆ ಗೌರವ ಕೊಡಿ, ಆದರೆ ಅವರು ನಿಮ್ಮ ಬಾಸ್ ಅಲ್ಲ. ನಿಮ್ಮ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಕಾಂಟ್ರಾಕ್ಟು, ದುಡ್ಡು, ಕ್ಲೈಂಟ್ ಜತೆಗಿನ ಮಾತುಕತೆ ನೋಡುತ್ತಾರೆ. ಕನ್‌ಸ್ಟ್ರಕ್ಷನ್ ಮ್ಯಾನೇಜರ್ ಸೈಟಿನ ದಿನದ ಕೆಲಸ ನಡೆಸುತ್ತಾರೆ. ಅವರ ಕೆಳಗೆ ಸೀನಿಯರ್ ಅಥವಾ ಸೆಕ್ಷನ್ ಎಂಜಿನಿಯರ್, ಅವರ ಕೆಳಗೆ ನೀವು. ಸಾಮಾನ್ಯವಾಗಿ ನೀವು ಉತ್ತರ ಕೊಡಬೇಕಾದದ್ದು ಆ ಒಬ್ಬರಿಗೇ.

ಒಂದು ಸ್ಲ್ಯಾಬ್ ಹಾಕುವುದನ್ನೇ ತೆಗೆದುಕೊಳ್ಳಿ. ಕಬ್ಬಿಣ ಕಟ್ಟಿ ಮುಗಿಯಿತು ಅಂತ ನೇರವಾಗಿ ಕಾಂಕ್ರೀಟ್ ಕರೆಸುವ ಹಾಗಿಲ್ಲ. ಲೆವೆಲ್ ಸರಿಯಿದೆ ಅಂತ ಸರ್ವೇಯರ್ ಹೇಳಬೇಕು. ಪೈಪು, ಕಂಡ್ಯೂಟು, ಸ್ಲೀವ್ ಎಲ್ಲ ಕೂತಿವೆ ಅಂತ ಎಂಇಪಿ, ಅಂದರೆ ವಿದ್ಯುತ್, ನೀರು, ಎಸಿ ಕೆಲಸದ ಎಂಜಿನಿಯರ್ ಸಹಿ ಹಾಕಬೇಕು. ಒಪ್ಪಿಗೆಯಾದ ಶಾಪ್ ಡ್ರಾಯಿಂಗ್ (ಕಂಟ್ರಾಕ್ಟರ್ ತಯಾರಿಸುವ ವಿವರವಾದ ನಕ್ಷೆ) ಹಿಡಿದು ಕ್ಯೂಸಿ, ಅಂದರೆ ಗುಣಮಟ್ಟ ನೋಡುವ ಎಂಜಿನಿಯರ್ ಕಬ್ಬಿಣದ ಸೈಜು, ಅಂತರ, ಕವರ್ (ಕಬ್ಬಿಣದ ಮೇಲೆ ಬರುವ ಕಾಂಕ್ರೀಟಿನ ದಪ್ಪ) ನೋಡಬೇಕು. ಆಮೇಲೆ ಇನ್‌ಸ್ಪೆಕ್ಷನ್ ರಿಕ್ವೆಸ್ಟ್ ಕನ್ಸಲ್ಟೆಂಟ್‌ಗೆ ಹೋಗುತ್ತದೆ, ಸಾಮಾನ್ಯವಾಗಿ ಒಂದು ದಿನ ಮುಂಚೆಯೇ. ಅವರು ಬಂದು ನೋಡಿ ಸಹಿ ಮಾಡಿದ ಮೇಲೇ ಮಿಕ್ಸರ್ ಲಾರಿ ಬರುವುದು. ನಮ್ಮ ಭದ್ರಾ ನಾಲೆಯ ಕೊನೆಯ ಗದ್ದೆ ನೆನಪಿಸಿಕೊಳ್ಳಿ. ಮೇಲಿನ ಒಂದು ತೂಬು ಸಮಯಕ್ಕೆ ತೆರೆಯದಿದ್ದರೆ ಕೊನೆಯವನಿಗೆ ನೀರಿಲ್ಲ, ಅಲ್ವಾ? ಇಲ್ಲೂ ಹಾಗೇ. ಈ ಸಹಿಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಜೋಡಿಸುವುದೇ ಸೈಟ್ ಎಂಜಿನಿಯರ್‌ನ ಮುಖ್ಯ ಕೆಲಸ. ಸಹಿಯಿಲ್ಲದೆ ಕಾಂಕ್ರೀಟ್ ಹಾಕಿದರೆ ಎನ್‌ಸಿಆರ್ ಬರುತ್ತದೆ. ಅಂದರೆ ಕೆಲಸ ನಿಯಮದಂತೆ ಆಗಿಲ್ಲ ಅಂತ ಕಾಗದದಲ್ಲಿ ದಾಖಲು. ಅದನ್ನು ಮುಚ್ಚಿಸಲು ಪಡುವ ಪಾಡು ಸಾಕುಸಾಕಾಗುತ್ತದೆ.

ಟೆಸ್ಟುಗಳಿಗೆ ಹೆದರಬೇಡಿ. ದಾವಣಗೆರೆಯ ಯುಬಿಡಿಟಿ, ಬಿಐಇಟಿ ಕಾಲೇಜಿನ ಲ್ಯಾಬಿನಲ್ಲಿ ನೋಡಿದ ಅದೇ 150 ಮಿ.ಮೀ. ಕಾಂಕ್ರೀಟ್ ಕ್ಯೂಬ್, ಅದೇ 7 ಮತ್ತು 28 ದಿನದ ಬಲದ ಲೆಕ್ಕ. ಹೊಸದು ಅಂದರೆ ಕಾಂಕ್ರೀಟಿನ ಬಿಸಿ. ಬೇಸಿಗೆಯಲ್ಲಿ ಐಸು, ತಣ್ಣೀರು ಸೇರಿಸಿ ರಾತ್ರಿ ಹೊತ್ತು ಹಾಕುತ್ತಾರೆ. ಪ್ರತಿ ಲಾರಿಗೂ ಥರ್ಮಾಮೀಟರ್ ಇಟ್ಟು ನೋಡುತ್ತಾರೆ. ಮಿತಿ ದಾಟಿದರೆ ಲಾರಿ ವಾಪಸ್.

ನಾನು ಸೈಟಿನಲ್ಲಿ ಶುರು ಮಾಡಿ ಈಗ ಕ್ಯೂಎಸ್ ಕಡೆ, ಅಂದರೆ ಅಳತೆ, ಬಿಲ್ಲು, ಕ್ಲೇಮಿನ ಕಡೆ ಇದ್ದೇನೆ. ಅದಕ್ಕೇ ಈ ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೈಟಿಗೂ ಕ್ಯೂಎಸ್‌ಗೂ ಸಂಬಂಧವಿಲ್ಲ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಇಲ್ಲಿ ತುಂಬಾ ಕಾಂಟ್ರಾಕ್ಟುಗಳು ಫಿಡಿಕ್ ಎಂಬ ಅಂತರರಾಷ್ಟ್ರೀಯ ಎಂಜಿನಿಯರುಗಳ ಒಕ್ಕೂಟದ ಮಾದರಿಯಲ್ಲಿ ಇರುತ್ತವೆ. ಫಿಡಿಕ್‌ನ 1999ರ ಮಾದರಿ ಕಾಂಟ್ರಾಕ್ಟಾದ ರೆಡ್ ಬುಕ್‌ನಲ್ಲಿ ಒಂದು ಷರತ್ತಿದೆ. ಹೆಚ್ಚಿನ ಸಮಯ ಅಥವಾ ಹೆಚ್ಚಿನ ದುಡ್ಡು ಬೇಕೆಂದರೆ, ಕಾರಣ ಗೊತ್ತಾದ 28 ದಿನದೊಳಗೆ ಕಂಟ್ರಾಕ್ಟರ್ ನೋಟಿಸ್ ಕೊಡಬೇಕು. ತಪ್ಪಿದರೆ ಹಕ್ಕೇ ಹೋಗುತ್ತದೆ. ಈಗ ಯೋಚಿಸಿ, ಕಾರಣ ಮೊದಲು ಗೊತ್ತಾಗುವುದು ಯಾರಿಗೆ? ಡ್ರಾಯಿಂಗ್ ತಡವಾಗಿದ್ದು, ಅಗೆದಾಗ ಕೇಬಲ್ ಸಿಕ್ಕಿದ್ದು, ಇನ್ನೊಬ್ಬ ಕಂಟ್ರಾಕ್ಟರ್ ಜಾಗ ಬಿಡದಿದ್ದು, ಎಲ್ಲ ಮೊದಲು ಕಾಣುವುದು ನಿಮಗೆ. ನೀವು ಬರೆಯದಿದ್ದರೆ ಆಫೀಸಿನಲ್ಲಿ ಕೂತ ನಮಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ 28 ದಿನ ಕಳೆದಿರುತ್ತದೆ.

ಹಾಗಾಗಿ ಇನ್‌ಸ್ಪೆಕ್ಟರ್ ಬಂದು ಬಾಯಲ್ಲಿ 'ಈ ಗೋಡೆ ಆ ಕಡೆ ಸರಿಸಿ' ಅಂದರೆ ಮುಖ ಮುರಿಯಬೇಡಿ, ಸರಿಸಲೂ ಬೇಡಿ. 'ಸರ್, ಬರೆದು ಕೊಡಿ' ಅನ್ನಿ. ಅವರು ಬರೆಯದಿದ್ದರೆ ನಿಮ್ಮ ಸೀನಿಯರ್‌ಗೆ ಅದೇ ದಿನ ಮೇಲ್ ಹಾಕಿ. ಕಂಪನಿ ಮುಂದಿನದು ನೋಡಿಕೊಳ್ಳುತ್ತದೆ. ಕಾಗದವಿಲ್ಲದ ಬದಲಾವಣೆಗೆ ದುಡ್ಡು ಹುಟ್ಟಿಸುವುದು ಬಹಳ ಕಷ್ಟ. ದಿನಾ ಡೈರಿ ಬರೆಯುವ ಅಭ್ಯಾಸ ದಾವಣಗೆರೆಯಲ್ಲೇ ಇವತ್ತಿನಿಂದ ಶುರು ಮಾಡಿ. ಎಷ್ಟು ಜನ ಬಂದರು, ಯಾವ ಯಂತ್ರ ಇತ್ತು, ಕೆಲಸ ಎಷ್ಟು ಹೊತ್ತಿಗೆ ನಿಂತಿತು, ಯಾಕೆ ನಿಂತಿತು. ಒಂದು ಫೋಟೋ ಇರಲಿ.

ಪ್ಲಾನಿಂಗ್ ಎಂಜಿನಿಯರ್ ಪ್ರಿಮಾವೆರಾ ಎಂಬ ಸಾಫ್ಟ್‌ವೇರ್‌ನಲ್ಲಿ ಕೆಲಸದ ವೇಳಾಪಟ್ಟಿ ಇಡುತ್ತಾರೆ. ಅವರಿಗೆ ಆದಷ್ಟನ್ನೇ ಹೇಳಿ, ಜಾಸ್ತಿ ಮಾಡಿ ಹೇಳಬೇಡಿ. ಡಾಕ್ಯುಮೆಂಟ್ ಕಂಟ್ರೋಲರ್ ಜತೆ ಸ್ನೇಹದಿಂದಿರಿ. ಸೈಟಿಗೆ ಹೊರಡುವ ಮುಂಚೆ ಕೈಯಲ್ಲಿರುವುದು ಕೊನೆಯ ರಿವಿಜನ್ ಡ್ರಾಯಿಂಗೇ ಅಂತ ಅವರ ಹತ್ತಿರ ಖಚಿತ ಮಾಡಿಕೊಳ್ಳಿ.

ಫೋರ್‌ಮನ್ ವಿಷಯ ಬೇರೆಯೇ. ಕೆಲಸಗಾರರಿಗೆ ನೀವು ನೇರವಾಗಿ ಆರ್ಡರ್ ಕೊಡಬೇಡಿ, ಫೋರ್‌ಮನ್ ಮೂಲಕ ಹೇಳಿ. ಫೋರ್‌ಮನ್‌ಗಳು ಕೇರಳದವರಿರಬಹುದು, ಪಂಜಾಬಿನವರು, ಪಾಕಿಸ್ತಾನದವರು, ಈಜಿಪ್ಟಿನವರು ಇರಬಹುದು. ಡಿಗ್ರಿ ಇಲ್ಲದಿದ್ದರೂ ಎಷ್ಟೋ ಟವರ್ ಕಟ್ಟಿಸಿದ ಕೈಗಳು. ಸೈಟಿನ ಮಾತು ಹೆಚ್ಚಾಗಿ ಹಿಂದಿ-ಉರ್ದು. ದಾವಣಗೆರೆಯಲ್ಲಿ ಬೆಳೆದ ನಿಮಗೆ ಅದು ಕಿವಿಗೆ ಹೊಸದಲ್ಲ, ಆ ಧೈರ್ಯ ಇರಲಿ.

ಸೇಫ್ಟಿ ಆಫೀಸರ್ ಕೆಲಸ ನಿಲ್ಲಿಸಿ ಅಂದರೆ ನಿಲ್ಲಿಸಿ, ವಾದ ಆಮೇಲೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ, ನೇರ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ಕಾನೂನಿದೆ. ತುರ್ತು ಕೆಲಸಕ್ಕೆ, ತಾಂತ್ರಿಕ ಕಾರಣಕ್ಕೆ ನಡುವೆ ನಿಲ್ಲಿಸಲಾಗದ ಕೆಲಸಕ್ಕೆ ಮಾತ್ರ ವಿನಾಯಿತಿ. 'ಇನ್ನೊಂದೇ ಕಾಲಂ ಮುಗಿಸಿ' ಅಂತ ಆ ಹೊತ್ತಿನಲ್ಲಿ ಯಾರನ್ನೂ ನಿಲ್ಲಿಸಿಕೊಳ್ಳಬೇಡಿ. ಆ ಬಿಸಿಲು ಮನುಷ್ಯನನ್ನು ನಿಜಕ್ಕೂ ಕೊಲ್ಲುತ್ತದೆ. ಅವರ ಮನೆಯವರು ನಮ್ಮ ಮನೆಯವರ ಹಾಗೇ ದೂರದಲ್ಲಿ ಕಾಯುತ್ತಿರುತ್ತಾರೆ. ನಿಮ್ಮ ಬಗ್ಗೆ ನನಗಿರುವ ದೊಡ್ಡ ಆಸೆ ಇದೇ. ಕೈಗೆ ಅಧಿಕಾರ ಬಂದ ಮೇಲೂ ಇದನ್ನು ಮರೆಯಬೇಡಿ.

ಜೀವನದ ಬಗ್ಗೆ ಚಿಕ್ಕದಾಗಿ. ಕಂಟ್ರಾಕ್ಟಿಂಗ್ ಕಂಪನಿಗಳಲ್ಲಿ ವಾರಕ್ಕೆ ಆರು ದಿನ ಕೆಲಸ ಮಾಮೂಲು. ಮೊದಲು ರೂಮು ಹಂಚಿಕೊಂಡೇ ಇರಬೇಕಾಗುತ್ತದೆ. ಊಟಕ್ಕೆ ತೊಂದರೆಯಿಲ್ಲ, ಕರಾಮಾ ಬಡಾವಣೆ ಕಡೆ ಹೋದರೆ ದೋಸೆ, ಅನ್ನ-ಸಾರು ಸಿಗುತ್ತದೆ. ಮನೆಯವರನ್ನು ಕರೆಸಿಕೊಳ್ಳಲು ಸಂಬಳ 4,000 ದಿರ್ಹಮ್, ಅಥವಾ 3,000 ಜತೆಗೆ ಕಂಪನಿಯ ವಸತಿ ಇರಬೇಕೆಂಬ ನಿಯಮವಿದೆ. ಆದರೆ ಅಷ್ಟರಲ್ಲಿ ಇಲ್ಲಿ ಸಂಸಾರ ನಡೆಸುವುದು ಆಗದ ಮಾತು. ಸ್ವಲ್ಪ ದಿನ ಒಬ್ಬರೇ ಇದ್ದು ನೋಡಿ.

ಸಹಿ ಹಾಕುವ ಮುಂಚೆ ಆಫರ್ ಲೆಟರ್‌ನಲ್ಲಿ ಬೇಸಿಕ್ ಎಷ್ಟು, ಅಲೋವೆನ್ಸ್ ಎಷ್ಟು ಅಂತ ಬೇರೆಬೇರೆ ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿಯ ಲೆಕ್ಕ ಹಾಕುವುದು ಬೇಸಿಕ್ ಮೇಲೆ ಮಾತ್ರ. ಒಂದು ವರ್ಷ ಮುಗಿಸಿದವರಿಗೆ, ಮೊದಲ ಐದು ವರ್ಷದ ತನಕ ವರ್ಷಕ್ಕೆ 21 ದಿನದ ಬೇಸಿಕ್. ಪ್ರೊಬೇಷನ್ ಆರು ತಿಂಗಳು ಮೀರಬಾರದು. ವೀಸಾ, ನೇಮಕಾತಿಯ ಖರ್ಚು ಕಂಪನಿಯದು. ಏಜೆಂಟ್ ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಕೈಬಿಡಿ. ವಿಸಿಟ್ ವೀಸಾದಲ್ಲಿ ಬಂದು ಕೆಲಸಕ್ಕೆ ಸೇರಿ ಅಂದರೂ ಒಪ್ಪಬೇಡಿ. ಪಾಸ್‌ಪೋರ್ಟ್ ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಡಿಗ್ರಿ ಸರ್ಟಿಫಿಕೇಟಿನ ಅಟೆಸ್ಟೇಷನ್ (ಸರ್ಕಾರಿ ದೃಢೀಕರಣ) ಊರಲ್ಲಿರುವಾಗಲೇ ಮುಗಿಸಿಕೊಳ್ಳಿ, ಇಲ್ಲಿಂದ ಮಾಡಿಸುವುದು ತಲೆನೋವು.

ಆಮೇಲೆ ಎಚ್‌ಆರ್‌ನವರಿಗೆ ಒಂದು ಮೇಲ್ ಹಾಕಿ ಮೂರು ಪ್ರಶ್ನೆ ಕೇಳಿ. ನಾನು ಯಾರಿಗೆ ರಿಪೋರ್ಟ್ ಮಾಡಬೇಕು? ನನ್ನ ಕೆಲಸಗಳ ಪಟ್ಟಿ ಕಳಿಸುತ್ತೀರಾ? ಪ್ರಾಜೆಕ್ಟಿನ ಆರ್ಗನೈಸೇಷನ್ ಚಾರ್ಟ್‌ನಲ್ಲಿ ನನ್ನ ಹುದ್ದೆ ಎಲ್ಲಿದೆ? ಉತ್ತರ ಬಂದ ಮೇಲೆ ನನಗೆ ಕಳಿಸಿ, ಕೂತು ನೋಡೋಣ.