ಅಕ್ಕೋರ ಉತ್ತರ: ದೋಣಿಯಲ್ಲೇ ಉಳಿದ ಅಪ್ಪ

ಪ್ರಶ್ನೆ: ಅಕ್ಕೋರೇ, ನಾನು ಕಾರವಾರ ಬೈತಖೋಲದವನು, ವಯಸ್ಸು 63. ನಂದೊಂದು ಬೋಟಿದೆ. ದೊಡ್ಡ ಮಗ ಮಸ್ಕತ್ತಿನಲ್ಲಿ, ಸಣ್ಣವನು ಪಾದ್ರಿ ಆಗಲು ಸೆಮಿನರಿ ಸೇರಿದ್ದಾನೆ. ಈಗ ಬೋಟಿನಲ್ಲಿ ನನ್ನ ಜೊತೆ ಇರುವವರು ಜಾರ್ಖಂಡದ ಖಲಾಸಿಗಳು. ಯೇಸುಸ್ವಾಮಿ ಮೀನುಗಾರ ಅಣ್ಣತಮ್ಮಂದಿರಾದ ಯಾಕೋಬ, ಯೊವಾನ್ನರನ್ನು ಶಿಷ್ಯರಾಗಲು ಕರೆದ ಪಾಠ ಇಗರ್ಜಿಯಲ್ಲಿ ಓದಿದಾಗಲೆಲ್ಲ ಪ್ರವಚನ ಆ ಮಕ್ಕಳ ಬಗ್ಗೆಯೇ. ನನಗೆ ಮಾತ್ರ ದೋಣಿಯಲ್ಲಿ ಉಳಿದ ಅಪ್ಪ ಜೆಬೆದಾಯನೇ ಕಾಣುತ್ತಾನೆ. ಈ ಸಲ ಸಣ್ಣವನು ರಜೆಗೆ ಬಂದಾಗ ಊಟಕ್ಕೆ ಕೂತಲ್ಲಿ "ನಾನು ಜೆಬೆದಾಯ ಆಗೋದೆ" ಅಂದೆ. ಅವನು ಅರ್ಧ ಊಟಕ್ಕೇ ಎದ್ದ. ನಾನು ಅಂದದ್ದು ತಪ್ಪೇ? ದೇವರ ವಾಕ್ಯವನ್ನು ನಮ್ಮ ಸಂಕಟಕ್ಕೆ ಹೀಗೆ ಎಳೆದುಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರ ಕೈಯಲ್ಲಿ ಹಿಡಿದೇ ಬೈಬಲ್ ತೆಗೆದೆ. ಮಾರ್ಕ 1:19-20. ಮಕ್ಕಳು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು, ಯೇಸು ಕರೆದರು, ಅಪ್ಪನನ್ನು ಕೂಲಿಯಾಳುಗಳ ಜೊತೆ ದೋಣಿಯಲ್ಲೇ ಬಿಟ್ಟು ಹೊರಟರು. ಅಷ್ಟೇ. ಮತ್ತಾಯನೂ ಇದನ್ನು ಬರೆದಿದ್ದಾನೆ, ಆದರೆ ಕೂಲಿಯಾಳುಗಳ ಮಾತು ಎತ್ತಿದವನು ಮಾರ್ಕ ಒಬ್ಬನೇ. ಎಷ್ಟೋ ವರ್ಷ ಭಾನುವಾರ ಮಕ್ಕಳಿಗೆ ಈ ಪಾಠ ಹೇಳಿಕೊಟ್ಟವಳು ನಾನು. ಒಮ್ಮೆಯೂ ಆ ಪದದ ಹತ್ತಿರ ನಿಂತವಳಲ್ಲ. ನಿಮ್ಮ ಖಲಾಸಿಗಳು ನನ್ನನ್ನು ಅಲ್ಲಿ ನಿಲ್ಲಿಸಿದರು.

ಎಳೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಬಹುದು. ಹಳೇ ಗೋವೆಯಲ್ಲಿ ಮಲಗಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಜೊತೆಗಾರ ಸಂತ ಇಗ್ನೇಷಿಯಸ್ ಲೊಯೋಲ 16ನೇ ಶತಮಾನದಲ್ಲೇ ಹೀಗೆ ಪ್ರಾರ್ಥಿಸುವುದನ್ನು ಕಲಿಸಿದವರು. ಶುಭಸಂದೇಶದ, ಅಂದರೆ ಯೇಸುವಿನ ಜೀವನಕತೆಯ, ಒಂದು ಸನ್ನಿವೇಶ ತೆಗೆದುಕೊ, ಒಳಗೆ ಹೋಗು, ಅಲ್ಲಿರುವವರನ್ನು ನೋಡು, ಅವರ ಮಾತು ಕೇಳು ಎಂದರು. ಯೇಸು ಹುಟ್ಟಿದ ಜಾಗದಲ್ಲಿ ನೀನೊಬ್ಬ ಬಡ ಆಳು ಎಂದುಕೊಂಡು ಮರಿಯ, ಜೋಸೆಫರ ಸೇವೆಗೆ ನಿಲ್ಲು ಎಂದರು. ಆ ಆಳು ಬೈಬಲ್ಲಿನಲ್ಲಿ ಇಲ್ಲವೇ ಇಲ್ಲ. ಇಲ್ಲದ ಆಳಾಗಿ ನಿಲ್ಲಬಹುದಾದರೆ ಇರುವ ಅಪ್ಪನ ಪಕ್ಕ ಕೂರುವುದಕ್ಕೆ ನಿಮಗೆ ಯಾರ ಅಪ್ಪಣೆಯೂ ಬೇಡ.

ಕೂರುವುದಾದರೆ ಆ ದೋಣಿಯನ್ನು ಸರಿಯಾಗಿ ನೋಡಿಯೇ ಕೂರಿ. ಗಲಿಲೇಯ ಸಮುದ್ರ ಅನ್ನುತ್ತೇವೆ, ಆದರೆ ಅದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿ.ಮೀ., ಅಗಲ 13 ಕಿ.ಮೀ. ಆಚೆ ದಡ ಕಣ್ಣಿಗೆ ಕಾಣುತ್ತದೆ. 1986ರಲ್ಲಿ ಬರದಿಂದ ನೀರು ತಳಕ್ಕೆ ಇಳಿದಾಗ ಅಲ್ಲಿನ ಕೆಸರಿನಲ್ಲಿ ಹೆಚ್ಚುಕಡಿಮೆ ಯೇಸುವಿನ ಕಾಲದ್ದೇ ಒಂದು ದೋಣಿ ಸಿಕ್ಕಿತು. ಕಂಡುಹಿಡಿದವರೂ ಮೀನುಗಾರರೇ, ಇಬ್ಬರು ಅಣ್ಣತಮ್ಮಂದಿರು. ಉದ್ದ 27 ಅಡಿಯಷ್ಟು. ಹತ್ತಾರು ಬಗೆಯ ಮರದ ತುಂಡುಗಳನ್ನು ಸಿಕ್ಕಿದ ಹಾಗೆ ಜೋಡಿಸಿ, ಮತ್ತೆ ಮತ್ತೆ ತೇಪೆ ಹಾಕಿ ನಡೆಸಿದ ದೋಣಿ ಅದು. ಹಲಗೆ ಕೊಳೆತಲ್ಲಿ ಹೊಸ ಹಲಗೆ ಹಾಕುತ್ತ ಯಾರೋ ಅದನ್ನು ಬಿಡದೆ ಉಳಿಸಿಕೊಂಡಿದ್ದರು. ಅವರ ಕೈ ನಿಮ್ಮ ಕೈಯಂತೆಯೇ ಇದ್ದಿರಬೇಕು.

ಇನ್ನು ಮಗ ಊಟ ಬಿಟ್ಟು ಎದ್ದದ್ದು. ಇದಕ್ಕೆ ನನ್ನ ಮನೆಯ ಮಾತೇ ಹೇಳಬೇಕು.

ನನ್ನ ಅಪ್ಪ ರಂಪಣಿಯವರು. ರಂಪಣಿ ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಎಳೆಯಲು ಜನ ಬೇಕು. ಎರಡೂ ಹಗ್ಗಕ್ಕೆ ದಡದ ಮೇಲೆ ಸಾಲುಸಾಲು ಕೈ ಬೇಕು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ಬಂಗುಡೆ, ತಾರ್ಲೆ ದಡದ ಹತ್ತಿರ ಬರುವ ಮೊದಲೇ ಆಳದಲ್ಲೇ ಬಲೆಗೆ ಬೀಳತೊಡಗಿದವು. ಅಣ್ಣ ಮುಂಬೈಗೆ ಹೋಗಿ ಹಡಗು ಹತ್ತಿದ. ಆಮೇಲೂ ಅಪ್ಪ ಬಲೆ ಹೆಣೆಯಲು ಕೂತಾಗ ಎರಡು ಸೂಜಿಗೆ ನೂಲು ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಒಂದು ತಮ್ಮದು, ಇನ್ನೊಂದು ಅಣ್ಣನದು. ಒಂದು ಮಳೆಗಾಲದಲ್ಲಿ ಅಣ್ಣನಿಗೆ ಕಾಗದ ಬರೆಸಿದರು. ಬರೆದವಳು ನಾನು, ಆಗ ಎಂಟನೇ ಕ್ಲಾಸು. "ನಿನ್ನ ಸೂಜಿ ಇಲ್ಲೇ ಇದೆ ಅಂತ ಬರಿ" ಅಂದರು. ಬರೆದೆ. ಅದರಲ್ಲಿ ಇದ್ದದ್ದು ಬರೀ ಪ್ರೀತಿ, ನಾನು ಪಕ್ಕದಲ್ಲೇ ಕೂತು ಅವರ ಮುಖ ನೋಡಿದ್ದೇನೆ. ಆದರೆ ಅಣ್ಣ ಎರಡು ವರ್ಷ ಊರಿಗೆ ಬರಲಿಲ್ಲ. ಬಂದಾಗ ನನ್ನೊಬ್ಬಳ ಹತ್ತಿರ ಹೇಳಿದ: "ಆ ಸಾಲು ಓದಿದಾಗಲೆಲ್ಲ ನಾನು ಮನೆಯಿಂದ ಏನೋ ಕದ್ದುಕೊಂಡು ಓಡಿಬಂದ ಹಾಗೆ ಅನಿಸ್ತಿತ್ತು."

ನೀವು ನಿಮ್ಮ ಬಗ್ಗೆ ಹೇಳಿಕೊಂಡಿರಿ. ಮಗನ ಕಿವಿಗೆ ಬಿದ್ದದ್ದು ಅವನ ಬಗ್ಗೆ: ನೀನು ಬಿಟ್ಟುಹೋದವನು ಎಂದು. ಸೆಮಿನರಿಯಲ್ಲಿ ಓದುವ ಹುಡುಗನಿಗೆ ಆ ವಾಕ್ಯ ಬಾಯಿಪಾಠ ಇರುತ್ತದೆ. ನೀವು ಒಂದು ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಅವನೇ ಓದಿಕೊಂಡು ಮುಗಿಸುತ್ತಾನೆ.

ಆದ್ದರಿಂದ ನನ್ನದೊಂದು ಬೇಡಿಕೆ. ಜೆಬೆದಾಯ ಆಗಿ, ಆದರೆ ಆ ಒಂದು ಸಾಲಿಗೆ ನಿಲ್ಲಬೇಡಿ. ನಾಲ್ಕು ಶುಭಸಂದೇಶಗಳಲ್ಲಿ ಅವನ ಬಾಯಿಂದ ಒಂದು ಮಾತೂ ಇಲ್ಲ. ಮಕ್ಕಳನ್ನು ತಡೆದ ಎಂದಿಲ್ಲ, ಬೈದ ಎಂದಿಲ್ಲ. ಮುಂದೆ ಶಿಲುಬೆಯ ಕಡೆ ನೋಡುತ್ತ ನಿಂತ ಹೆಂಗಸರಲ್ಲಿ "ಜೆಬೆದಾಯನ ಮಕ್ಕಳ ತಾಯಿ" ಇದ್ದಳೆಂದು ಮತ್ತಾಯ ಬರೆಯುತ್ತಾನೆ. ಅಂದರೆ ಹೆಂಡತಿಯೂ ಗಲಿಲೇಯದಿಂದ ಜೆರುಸಲೇಮಿನವರೆಗೆ ಆ ದಾರಿ ನಡೆದಳು. (ನಿಮ್ಮ ಪತ್ರದಲ್ಲಿ ನಿಮ್ಮ ಮನೆಯವರ ಸುದ್ದಿಯೇ ಇಲ್ಲ. ಮಕ್ಕಳಿಬ್ಬರೂ ಹೋದದ್ದು ಅವರಿಗೆ ಹೇಗಾಗಿದೆ, ಒಮ್ಮೆ ಕೇಳಿ ನೋಡಿ.) ಕೊನೆಗೆ ಯೊವಾನ್ನ 21ಕ್ಕೆ ಬನ್ನಿ. ಯೇಸು ಸತ್ತು ಎದ್ದ ಮೇಲೆ ಪೇತ್ರ "ಮೀನು ಹಿಡಿಯಲು ಹೋಗುತ್ತೇನೆ" ಎನ್ನುತ್ತಾನೆ. ಜೊತೆಗೆ ಹೊರಟವರಲ್ಲಿ ಈ ಇಬ್ಬರೂ ಇದ್ದಾರೆ, ಮತ್ತು ಅಲ್ಲಿ ಅವರಿಗೆ ಸ್ವಂತ ಹೆಸರಿಲ್ಲ: "ಜೆಬೆದಾಯನ ಮಕ್ಕಳು" ಎಂದಷ್ಟೇ ಇದೆ. ರಾತ್ರಿಯಿಡೀ ಏನೂ ಸಿಗಲಿಲ್ಲ, ಬೆಳಗ್ಗೆ 153 ದೊಡ್ಡ ಮೀನು. ಅಷ್ಟು ಬಿದ್ದರೂ ಬಲೆ ಹರಿಯಲಿಲ್ಲ ಎಂದು ಬರೆದಿದೆ. ಬಲೆ ಹರಿಯಲಿಲ್ಲ ಎಂದರೆ ಏನು ಅರ್ಥ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದು ದೇವರ ಪವಾಡ, ನಂಬುತ್ತೇನೆ. ಆದರೂ ಆ ಸಾಲು ಓದುವಾಗ ನನ್ನ ಮನಸ್ಸಿನಲ್ಲಿ ಒಬ್ಬ ಮುದುಕ ದಡದಲ್ಲಿ ಕೂತು ಅದೇ ಬಲೆಯನ್ನು ಮೂರು ವರ್ಷದಿಂದ ಹೆಣೆಯುತ್ತಲೇ ಇರುತ್ತಾನೆ.

ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ದಡದಲ್ಲೇ ಇರುತ್ತದೆ. ಆಗ ಮಗನಿಗೆ ಒಂದು ಕಾಗದ ಬರೆಯಿರಿ. ಜೆಬೆದಾಯನ ಹೆಸರು ಬೇಡ. ಈ ವರ್ಷ ಬೋಟಿಗೆ ಏನೇನು ದುರಸ್ತಿ ಮಾಡಿಸಿದಿರಿ, ಯಾವ ಮೀನು ಎಷ್ಟು ಬಂತು, ಡೀಸೆಲ್‌ಗೆ ಎಷ್ಟು ಹೋಯಿತು, ಅದನ್ನು ಬರೆಯಿರಿ. ಮತ್ತೆ ಆ ಜಾರ್ಖಂಡದ ಹುಡುಗರು ಊರಿಗೆ ಹೊರಡುವ ಮೊದಲು ಅವರ ಅಪ್ಪಂದಿರ ಬಗ್ಗೆ ಕೇಳಿ. ಅಲ್ಲಿಯೂ ಒಬ್ಬೊಬ್ಬ ಅಪ್ಪ ಮಗನಿಲ್ಲದೆ ಗದ್ದೆ ಉಳುತ್ತಿರಬಹುದು.

ಪ್ರಶ್ನೆ: ಅಪ್ಪ ತೀರಿದ ಮೇಲೆ ತೆಂಗಿನ ತೋಟದ ಪಾಲಿನಲ್ಲಿ ನನ್ನ ತಮ್ಮ ನನಗೆ ಮೋಸ ಮಾಡಿದ. ಅವನು ಕಾಯಿನ, ನಾನು ಹೇಬೆಲ. ಹೇಬೆಲನ ಹಾಗೆ ಸುಮ್ಮನಿದ್ದುಬಿಡಲೇ? (ಹೊನ್ನಾವರದ ಓದುಗರು)

ಉತ್ತರ: ಪಾಲಿನ ಮಾತಿಗೆ ಪಹಣಿ, ಹಿಸ್ಸೆ ಕಾಗದ ಹಿಡಿದು ವಕೀಲರನ್ನು ಕಾಣಿ. ಸುಮ್ಮನಿರಬೇಕಿಲ್ಲ, ನ್ಯಾಯ ಕೇಳುವುದು ಪಾಪವಲ್ಲ. ಆದರೆ ಆ ಎರಡು ಹೆಸರುಗಳ ಬಗ್ಗೆ ನನಗೆ ಭಯವಿದೆ. ಆದಿಕಾಂಡದ 4ನೇ ಅಧ್ಯಾಯ ಮತ್ತೊಮ್ಮೆ ಓದಿ. ಅಲ್ಲಿ ಅಣ್ಣ ಕಾಯಿನ, ತಮ್ಮ ಹೇಬೆಲ; ಅಣ್ಣ ತಮ್ಮನನ್ನು ಕೊಲ್ಲುತ್ತಾನೆ. ನಿಮ್ಮ ಮನೆಯಲ್ಲಿ ಅಣ್ಣ ನೀವು. ಹೇಬೆಲ ಬದುಕಿದ್ದಾಗ ಆಡಿದ ಒಂದು ಮಾತೂ ಅಲ್ಲಿಲ್ಲ. ದೇವರು ಮಾತಾಡುವುದೆಲ್ಲ ಕಾಯಿನನ ಹತ್ತಿರ. ಕೊಲ್ಲುವ ಮೊದಲೇ "ಯಾಕೆ ಸಿಟ್ಟು?" ಎಂದು ಕೇಳುತ್ತಾರೆ, ಪಾಪ ಬಾಗಿಲಲ್ಲೇ ಹೊಂಚಿ ಕೂತಿದೆ ಎಂದು ಎಚ್ಚರಿಸುತ್ತಾರೆ. ಕೊಂದ ಮೇಲೂ, ಯಾರೂ ಅವನನ್ನು ಕೊಲ್ಲಬಾರದೆಂದು ಅವನ ಮೇಲೆ ಒಂದು ಗುರುತು ಇಡುತ್ತಾರೆ. ನೀವು ಹೇಬೆಲನ ಜಾಗದಲ್ಲಿ ಮಲಗಿಬಿಟ್ಟರೆ ನಿಮ್ಮ ಹತ್ತಿರ ಯಾರು ಮಾತಾಡಬೇಕು? ಒಂದು ರಾತ್ರಿ ಕಾಯಿನನ ಜಾಗದಲ್ಲಿ ನಿಂತು ಆ ಪ್ರಶ್ನೆ ಕೇಳಿಸಿಕೊಳ್ಳಿ. ತಮ್ಮನಿಗೆ ಆ ಹೆಸರು ಇಡಬೇಡಿ. ಬೈಬಲ್ಲಿನ ಹೆಸರನ್ನು ನಮ್ಮ ಮೇಲೆ ಹಾಕಿಕೊಳ್ಳಬಹುದು, ಬೇರೆಯವರ ಮೇಲೆ ಎಸೆದರೆ ಅದು ಕಲ್ಲು.

ಪ್ರಶ್ನೆ: ನಾನು ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ನಮ್ಮ ಚಿಕ್ಕಿ, ಚಿಕ್ಕಪ್ಪ ಹೋದ ಮೇಲೂ ತವರಿಗೆ ಹೋಗದೆ ಅಜ್ಜಿಯ ಜೊತೆಗೇ ಉಳಿದಳು. ಗೆಳತಿ ಕೊಟ್ಟ ಬೈಬಲ್ಲಿನಲ್ಲಿ ರೂತಳ ಕತೆ ಓದಿದಾಗ ಚಿಕ್ಕಿಯನ್ನೇ ಕಂಡ ಹಾಗಾಯಿತು. ನಾವು ಕ್ರೈಸ್ತರಲ್ಲ. ಹೀಗೆ ಹೋಲಿಸಿದರೆ ನಿಮಗೆ ಬೇಸರವೇ?

ಉತ್ತರ: ಬೇಸರ ಯಾಕೆ ಮಗಳೇ? ರೂತಳೇ ಹೊರಗಿನವಳು, ಮೋವಾಬಿನ ಹೆಣ್ಣು. ಗಂಡ ತೀರಿದ ಮೇಲೂ ಅತ್ತೆ ನೊವೊಮಿಯ ಕೈ ಬಿಡದೆ ಬೆತ್ಲೆಹೇಮಿಗೆ ಬಂದವಳು, ಬೇರೆಯವರ ಹೊಲದಲ್ಲಿ ಬಿದ್ದ ಜವೆಗೋಧಿ ತೆನೆ ಆಯ್ದು ಅತ್ತೆಗೆ ಊಟ ಹಾಕಿದವಳು. ದಾವೀದ ರಾಜನ ಮುತ್ತಜ್ಜಿ ಅವಳು. ಯೇಸುವಿನ ವಂಶಾವಳಿಯಲ್ಲಿ ಮತ್ತಾಯ ಅವಳ ಹೆಸರು ಹಿಡಿದು ಬರೆದಿದ್ದಾನೆ.

ಆದರೆ ಚಿಕ್ಕಿಯ ಜೊತೆ ಅಜ್ಜಿಯನ್ನೂ ಆ ಕತೆಯಲ್ಲಿ ಹುಡುಕು. ಊರಿಗೆ ಮರಳಿದ ನೊವೊಮಿ ಹೆಂಗಸರ ಮುಂದೆ "ತುಂಬಿದವಳಾಗಿ ಹೋದೆ, ಬರಿಗೈಯಲ್ಲಿ ಬಂದೆ" ಎನ್ನುತ್ತಾಳೆ. ಹಾಗೆ ಹೇಳುವಾಗ ರೂತಳು ಪಕ್ಕದಲ್ಲೇ ನಿಂತಿದ್ದಾಳೆ. ಒಟ್ಟು ನಾಲ್ಕೇ ಅಧ್ಯಾಯ, ಶಿರಸಿಯಲ್ಲಿ ಕುಮಟೆ ಬಸ್ಸು ಹತ್ತಿದರೆ ದೇವಿಮನೆ ಘಟ್ಟ ಇಳಿಯುವ ಮೊದಲೇ ಓದಿ ಮುಗಿಯುತ್ತದೆ. ಒಂದು ಸಂಜೆ ಅಜ್ಜಿ, ಚಿಕ್ಕಿ ಇಬ್ಬರೂ ಇರುವಾಗ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದು. ಯಾರು ಯಾರ ಹಾಗೆ ಎಂದು ನೀನು ಹೇಳಬೇಡ. ಓದಿದ ಮೇಲೆ ಅಜ್ಜಿ ಏನೆಂದರು, ನನಗೆ ಬರೆ.