ಅಲರ್ಜಿ ಉರಿಯೂತದಲ್ಲಿ ಎಪಿಥೀಲಿಯಲ್ ಕೋಶಗಳ ಸೈಟೋಕೈನ್‌ಗಳಿಗೆ ಏನು ಕೆಲಸ?

ಮೂಗು, ಶ್ವಾಸನಾಳ, ಚರ್ಮ, ಕರುಳು ಇವುಗಳ ಮೇಲ್ಪದರದಲ್ಲಿರುವುದೇ ಎಪಿಥೀಲಿಯಲ್ ಕೋಶಗಳು. ಇವು ಸುಮ್ನೆ ತಡೆಗೋಡೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆದರೆ ಅಲರ್ಜಿಯ ಮೊದಲ ಕೂಗು ಏಳುವುದು ಇಲ್ಲೇ. ಆ ಕೂಗೇ ಸೈಟೋಕೈನ್, ಅಂದರೆ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೋಟೀನ್‌ಗಳು.

ಧೂಳಿನ ನುಸಿಯನ್ನೇ ನೋಡಿ. ಅದರ ಹಿಕ್ಕೆಯಲ್ಲಿರುವ ಪ್ರೋಟಿಯೇಸ್ ಕಿಣ್ವಗಳು ಕೋಶಗಳ ನಡುವಿನ ಹಿಡಿತವನ್ನು ಕತ್ತರಿಸುತ್ತವೆ. ಪೆಟ್ಟು ತಿಂದ ಕೋಶಗಳಿಂದ ಮುಖ್ಯವಾಗಿ ಮೂರು ಸೈಟೋಕೈನ್ ಹೊರಬರುತ್ತವೆ: ಟಿಎಸ್‌ಎಲ್‌ಪಿ, ಐಎಲ್-33, ಐಎಲ್-25. ಇವುಗಳಲ್ಲಿ ಐಎಲ್-33 ಬಹಳ ವಿಶೇಷ. ಅದನ್ನು ಆಗಿಂದಾಗ ತಯಾರಿಸಬೇಕಿಲ್ಲ. ಕೋಶಕೇಂದ್ರದಲ್ಲಿ ಮೊದಲೇ ಕೂಡಿಟ್ಟಿರುತ್ತದೆ, ಕೋಶ ಒಡೆದ ಕೂಡಲೇ ಹೊರಗೆ ಚೆಲ್ಲುತ್ತದೆ.

ಈ ಮೂರೂ ಸೇರಿ ಐಎಲ್‌ಸಿ2 ಎಂಬ ರೋಗನಿರೋಧಕ ಕೋಶಗಳನ್ನು ಎಬ್ಬಿಸುತ್ತವೆ. ಅವು ಐಎಲ್-5, ಐಎಲ್-13 ಎಂಬ ಇನ್ನೆರಡು ಸೈಟೋಕೈನ್ ಸುರಿಸುತ್ತವೆ. ಮೊದಲನೆಯದರಿಂದ ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣ ಜಾಸ್ತಿ, ಎರಡನೆಯದರಿಂದ ಲೋಳೆ ಜಾಸ್ತಿ. ಇತ್ತ ಟಿಎಸ್‌ಎಲ್‌ಪಿ, ಹೊರಗಿನ ವಸ್ತುವನ್ನು ಹಿಡಿದು ತೋರಿಸುವ ಡೆಂಡ್ರಿಟಿಕ್ ಕೋಶಗಳ ಮೂಲಕ, ರೋಗನಿರೋಧಕ ಟಿ ಕೋಶಗಳನ್ನು ಟಿಎಚ್2 ದಾರಿಗೆ, ಅಂದರೆ ಅಲರ್ಜಿಯ ದಾರಿಗೆ ತಳ್ಳುತ್ತದೆ. ಎಲ್ಲರೂ ಮಾತಾಡುವ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಬರುವುದು ಇದಾದ ಮೇಲೆ.

ಹಾಗಾದರೆ ಮೂಲದಲ್ಲೇ ತಡೆಯಬಹುದು ಅಲ್ವಾ? ಹೌದು. ಟಿಎಸ್‌ಎಲ್‌ಪಿಯನ್ನು ಕಟ್ಟಿಹಾಕುವ ಟೆಜೆಪೆಲುಮ್ಯಾಬ್ ಔಷಧಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ತೀವ್ರ ಆಸ್ತಮಾಕ್ಕಾಗಿ ಒಪ್ಪಿಗೆ ಕೊಟ್ಟಿತು. ರಕ್ತದಲ್ಲಿ ಇಯೊಸಿನೋಫಿಲ್ ಕಡಿಮೆ ಇದ್ದವರಲ್ಲೂ ಅದು ಆಸ್ತಮಾ ಉಲ್ಬಣಿಸುವುದನ್ನು ತಗ್ಗಿಸಿತು. ಎಪಿಥೀಲಿಯಲ್ ಕೋಶಗಳ ಪಾತ್ರ ಎಷ್ಟು ದೊಡ್ಡದು ಅನ್ನುವುದಕ್ಕೆ ನನ್ನ ಪ್ರಕಾರ ಇದೇ ಗಟ್ಟಿ ಸಾಕ್ಷಿ.